ಮಿಚ್ಚ ಎಂಬ ಮಾತು

ವಾಚಕ ಮಹಾಶಯರೇ, ಪ್ರಣಯವನ್ನು ಕುರಿತ ಗ್ರಂಥಗಳಲ್ಲಿ ಬೆಳದಿಂಗಳು, ಮಲ್ಲಿಗೆ, ಸರೋವರ ಮುಂತಾದವು ಧಾರಾಳವಾಗಿ ಖರ್ಚಾಗುವುದನ್ನು ತಾವು ಬಲ್ಲಿರಿ. ಈ ಕಥೆಯಲ್ಲಿ ಅವು ಯಾವುವೂ ಇಲ್ಲ. ಇದರ ನಾಯಕಿ ಅಂಥ ಖರ್ಚನ್ನು ಒಪ್ಪುವವಳಲ್ಲ. ಆದುದರಿಂದ ಒಂದು ಪ್ರೆಷರ್ ಕುಕ್ಕರಿನಿಂದಲೇ ಆರಂಭಿಸಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ನಾನು ಗ್ಯಾಸ್ ಸ್ಟೌ, ಕುಕ್ಕರುಗಳನ್ನು ರಿಪೇರಿ ಮಾಡುತ್ತ ಊರೂರು ತಿರುಗುವವನು, ಹೆಸರು ಶಂಕರ್. ತಮಿಳು ಸೀಮೆಯಲ್ಲಿ ಹುಟ್ಟಿದವನಾದುದರಿಂದ ಶಾಲೆಯಲ್ಲಿ ಕಲಿತದ್ದು ತಮಿಳು. ಮನೆಮಾತಾದ ಕನ್ನಡದ ಅಕ್ಷರಗಳನ್ನು ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಬೆಲೆಗೆ ಸಿಗುವ ಹಳೆಯ ಕಾದಂಬರಿಗಳಿಂದ ನಾನಾಗಿಯೇ ಕಲಿತೆ. ಒಂದು ಊರಿನಲ್ಲಿ ಕೆಟ್ಟ ಒಲೆಗಳು ಮುಗಿದರೆ ಮುಂದಿನ ಊರು. ಹಾಗೆ ತಿರುಗುತ್ತಲೇ ನಂಗವಳ್ಳಿಗೆ ಬಂದು, ದೊಡ್ಡಮುನಿಯಪ್ಪ ಎಂಬವರ ಮಹಡಿಯ ಮೇಲಿನ ಶೀಟಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ.

ನಮ್ಮ ನಾಯಕಿ ಕುಕ್ಕರನ್ನು ಮಗುವಿನಂತೆ ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು.

“ಅಣ್ಣಾ, ಇದು ವಿಸಿಲ್ ಬತ್ತಾ ಇಲ್ಲ. ರಿಪೇರಿ ಮಾಡಿ. ರಬ್ಬರ್ ಮಾತ್ರ ಮಾರಾಕ್ ನೋಡ್ಬೇಡಿ.”

“ಓಗಿರೋದೇ ರಬ್ಬರಮ್ಮಾ.”

“ಐಸ್ ನೀರಾಗೆ ಆಕಿದ್ರೆ ಇನ್ನೊಂದ್ ತಿಂಗ್ಳು ಬತ್ತದಂತೆ?”

“ನಿಮ್ಮನೇಲಿ ಫ್ರಿಜ್ ಐತಾ?”

“ಪಕ್ಕದ್ ಮನೇಲಿ ಐತೆ.”

“ದಿನಾ ಅವ್ರ ಮನೆಗೆ ಓಗಿ, ಅವ್ರ ಸೊಸೆ ಮೇಲಿನ ದೂರೆಲ್ಲಾ ಕೇಳಿ, ಆಮೇಲೆ ಐಸ್ ತರ್ಬೇಕು.”

ಅವಳು ಒಂದು ಹುಬ್ಬನ್ನು ಮಾತ್ರ ಮೇಲೆತ್ತಿ ಯೋಚಿಸಿದಳು. ಕಣ್ಣಿನೊಳಗೆ ತಕ್ಕಡಿಯೊಂದು ತೂಗಾಡಿ ನಿಂತಂತಾಯಿತು. “ಕಡವುಳೇ! ಆ ಮಿಚ್ಚ ಬೇಡ. ರಬ್ಬರೇ ಆಕಿ,” ಎಂದು ನಕ್ಕಳು.

ಹೀಗೆ ಮಾಲಾ ನನಗೆ ಪರಿಚಯವಾದಳು. ಮೇಚೇರಿಯ ಹೊಲಿಗೆ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ; ಮನೆಯಲ್ಲಿ ತಾಯಿ ಮಾರಿಯಮ್ಮ ಒಬ್ಬರೇ. ಮಿಚ್ಚವು, ಎಂದರೆ ಉಳಿತಾಯವು, ಅವಳಿಗೆ ಒಂದು ಶಾಸ್ತ್ರವಾಗಿತ್ತು. ಉಳಿಯುವುದೆಷ್ಟು, ಅದಕ್ಕಾಗಿ ಪಡುವ ಪಾಡೆಷ್ಟು ಎಂದು ತೂಗದೆ ಅವಳು ಯಾವ ಅಭ್ಯಾಸವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವುದು ಸರಿ. ಕಡಿಮೆ ಬೆಲೆಯ ಎಣ್ಣೆಗಾಗಿ ಬಿಸಿಲಿನಲ್ಲಿ ಸಂತೆಗೆ ನಡೆಯುವುದು ತಪ್ಪು. “ಚಪ್ಪಲಿ ಸವೆಯೋದು ಯಾರ್ ಕೊಡ್ತಾರೆ?” ಎಂಬುದು ಅವಳ ವಾದ.

ಅವಳ ಪರೀಕ್ಷೆಯಲ್ಲಿ ಗೆದ್ದ ಅಭ್ಯಾಸಗಳಲ್ಲಿ ಟೌನ್ ಬಸ್ಸಿಗೆ ಕಾಯುವುದೂ ಒಂದು. ಸರಕಾರದ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅದು ಬರುವಷ್ಟರಲ್ಲಿ ಎರಡು ಮೂರು ಪ್ರೈವೇಟ್ ಬಸ್ಸುಗಳು ಹಾಡು ಹಾಕಿಕೊಂಡು ಹೋಗಿಬಿಡುತ್ತವೆ. ಮಾಲಾ ಅವುಗಳತ್ತ ತಿರುಗಿಯೂ ನೋಡದೆ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದಳು. ನಾನು ಗಂಡಸು, ಯಾವ ಬಸ್ಸಿಗಾದರೂ ಕಾಸು ಕೊಡಬೇಕಾದವನು. ಆದರೂ ಮೇಚೇರಿಯಲ್ಲಿ ಕೆಲಸವಿದ್ದ ದಿನವೆಲ್ಲ, ಇಲ್ಲದ ದಿನವೂ, ಆ ಮರದ ಕೆಳಗೆ ನಿಲ್ಲತೊಡಗಿದೆ.

“ನಿನಗೆ ಎಂಗಿದ್ರೂ ಟಿಕೆಟ್ ತಾನೇ? ಯಾಕ್ ಕಾಯ್ತೀಯ?”

“ಟೌನ್ ಬಸ್ಸಾಗೆ ಸೀಟು ಮೆತ್ತಗೈತೆ.”

“ಸುಳ್ಳ! ಅದ್ರಾಗೆ ಸ್ಪಂಜೇ ಇಲ್ಲ.”

ಸೆರಗಿನ ಅಂಚನ್ನು ಕಚ್ಚಿ ನಗೆಯನ್ನು ತಡೆದಳು. ತಡೆದದ್ದೆಲ್ಲವೂ ಕಣ್ಣಿಗೆ ಏರಿತು. ಬಸ್ಸು ಹತ್ತಿ ಕುಳಿತ ಮೇಲೆ ನನಗೆ ಹೊಳೆಯಿತು: ಅವಳು ಆ ದಿನ ನನ್ನನ್ನು ‘ಅಣ್ಣಾ’ ಎಂದಿರಲಿಲ್ಲ. ಮುಂದೆಂದೂ ಅನ್ನಲಿಲ್ಲ.

ಇನ್ನೊಂದು ಬೆಳಿಗ್ಗೆ ಕೇಳಿದಳು: “ನನ್ನದೆಲ್ಲಾ ಏಳಿ ಆಯ್ತು. ನೀನು ಯಾವುದ್ರಾಗೆ ಮಿಚ್ಚ ಇಡಿತೀಯ?”

“ಮನೇಲಿ. ಅಡ್ವಾನ್ಸ್ ಇಲ್ಲ, ಬೀರು ಇಲ್ಲ, ಪಾತ್ರೆ ಇಲ್ಲ. ಬ್ಯಾಗ್ ಎತ್ತಿದ್ರೆ ಮುಗೀತು.”

“ಅದಕ್ಕೆ ಎಷ್ಟು ಪಾಡು ಬೀಳ್ತೀಯ?”

ನಾನು ನಕ್ಕೆ. ಅವಳು ನಗಲಿಲ್ಲ.

ಮಾಲಾಳಿಗೆ ಹಿಂದೊಮ್ಮೆ ನಿಶ್ಚಿತಾರ್ಥವಾಗಿತ್ತು. ಗಂಡಿನ ಕಡೆಯವರು ಹೂ ಮುಡಿಸಿ ಹೋದವರು, ಬೇರೆ ಕಡೆ ಹೆಚ್ಚು ಚಿನ್ನ ಸಿಕ್ಕಿತೆಂದು ತಿರುಗಿ ಬಂದಿರಲಿಲ್ಲ. ಅಂದಿನಿಂದ ಬೀದಿಯವರು ಆಕೆಯನ್ನು ನೋಡಿ ನಿಟ್ಟುಸಿರು ಬಿಡುವುದನ್ನು ರೂಢಿ ಮಾಡಿಕೊಂಡಿದ್ದರು. ಈಗ ಪಾಲಕೋಡಿನ ಅಣ್ಣಾಮಲೈ ಎಂಬವರ ಸಂಬಂಧ ಬಂದಿತು: ಹೆಂಡತಿ ತೀರಿಕೊಂಡವರು, ಟೊಮೆಟೊ ಮಂಡಿಯಲ್ಲಿ ತೂಕದ ಕೆಲಸ.

“ಶುಕ್ರವಾರದೊಳಗೆ ಊಂ ಅಂತ್ಲೋ ಇಲ್ಲ ಅಂತ್ಲೋ ಪದಿಲು ಏಳ್ಬೇಕಂತೆ,” ಎಂದಳು, ರಸ್ತೆಯನ್ನೇ ನೋಡುತ್ತ.

“ಏನಂತ ಏಳ್ತೀಯ?”

“ಏನ್ ಏಳ್ಬೇಕು ಅಂತ ನೀನ್ ಏಳು.”

ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಹೆಣ್ಣು ಹೃದಯವನ್ನು ತೆರೆಯಲಾರಳು. ನಾನು ಓದಿದ ಕಾದಂಬರಿಗಳ ನಾಯಕರೆಲ್ಲ ನನ್ನ ಬೆನ್ನ ಹಿಂದೆ ಸಾಲಾಗಿ ನಿಂತು ತಮ್ಮ ತಮ್ಮ ಮಾತುಗಳನ್ನು ಮುಂದೆ ನೂಕಿದರು. ಆದರೆ ಹಿಂದೊಮ್ಮೆ ನಾನು ‘ನಿನ್ನ ನಯನಗಳು’ ಎಂದುದಕ್ಕೇ ಅವಳು ಕೆಮ್ಮು ಬರುವಷ್ಟು ನಕ್ಕಿದ್ದಳು. ಆದುದರಿಂದ ಗ್ರಂಥದ ಮಾತುಗಳನ್ನು ದೂರವಿಟ್ಟು, ಅವಳ ಬಾಯಲ್ಲಿ ಹಗಲೆಲ್ಲ ಆಡುವ ಮಾತನ್ನೇ ಆರಿಸಿಕೊಂಡೆ.

“ಮಾಲಾ, ಇಷ್ಟು ವರ್ಸ ಊರೂರು ತಿರುಗಿ ನನಗೆ ಆಗಿರೋ ಮಿಚ್ಚ ಅಂದ್ರೆ ನೀನೊಬ್ಳೇ.”

ಅವಳ ಮುಖದಲ್ಲಿದ್ದ ಬೆಳಕು ಹೊತ್ತಿದ್ದ ಒಲೆಯನ್ನು ಆರಿಸಿದಂತೆ ಆರಿತು.

“ಮಿಚ್ಚವಾ? ನಾನಾ?”

“ಊಂ, ನೀನೇ.”

“ಎಲ್ಲಾರೂ ಉಂಡು ಎದ್ದ ಮೇಲೆ ಪಾತ್ರೇಲಿ ಬಿದ್ದಿರ್ತದಲ್ಲ, ಅಂಗಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರೈವೇಟ್ ಬಸ್ಸೊಂದು ಬಂದು ನಿಂತಿತು. ಅವಳು ಹತ್ತಿದಳು. ಕಿಟಕಿಯ ಕಂಬಿಗಳ ನಡುವೆ ಅವಳು ಕಂಡಕ್ಟರಿಗೆ ಕಾಸು ಕೊಡುವುದನ್ನು ಕಂಡೆ.

ತಮಿಳಿನಿಂದ ನಮ್ಮ ಮನೆಗಳೊಳಗೆ ಬಂದಿರುವ ಆ ಮಾತಿಗೆ ಕೂಡಿಟ್ಟದ್ದು ಎಂಬ ಅರ್ಥವೂ ಉಂಟು, ತಿಂದು ಬಿಟ್ಟದ್ದು ಎಂಬ ಅರ್ಥವೂ ಉಂಟು. ನಾನು ಒಂದನ್ನು ಕೊಟ್ಟೆ. ಬೀದಿಯವರ ನಿಟ್ಟುಸಿರುಗಳ ನಡುವೆ ಬದುಕಿದವಳ ಕಿವಿಗೆ ಇನ್ನೊಂದು ತಲುಪಿತು.

ಆಮೇಲೆ ಅವಳು ಮರದ ಕೆಳಗೆ ಬರಲಿಲ್ಲ, ಫೋನನ್ನೂ ಎತ್ತಲಿಲ್ಲ. ಶನಿವಾರ ನಾನು ಅವಳ ಮನೆಗೇ ಹೋದೆ. ಮಾರಿಯಮ್ಮ ಬಾಗಿಲಲ್ಲೇ, “ಪಾಲಕೋಡಿಗೆ ಪದಿಲು ಏಳಿ ಆಯ್ತು ಕಣಪ್ಪಾ. ಒಪ್ಕೊಂಡ್ಳು. ಕೂತ್ಕೋ, ಕಾಪಿ ತತ್ತೀನಿ,” ಎಂದು ನನ್ನ ಮುಖವನ್ನು ನೋಡಲಾರದೆ ಒಳಗೆ ಹೋದರು.

ಮಾಲಾ ಮನೆಮುಂದಿನ ಜಗಲಿಯ ಮೇಲೆ ಕುಳಿತು ಯಾರದೋ ರವಿಕೆಯ ಹೊಲಿಗೆಯನ್ನು ಬಿಚ್ಚುತ್ತಿದ್ದಳು.

“ನಾನ್ ಏಳಿದ್ದು ಸೇರ್ಸಿ ಇಟ್ಟಿರೋ ಮಿಚ್ಚ, ಮಾಲಾ. ಪಾತ್ರೇಲಿ ಉಳಿಯೋದಲ್ಲ.”

“ಗೊತ್ತು. ಬಸ್ಸು ಮೇಚೇರಿ ಸೇರೋದ್ರೊಳಗೇ ಗೊತ್ತಾಯ್ತು. ಅಳ್ತಾ ಇದ್ದೋಳಿಗೆ ನಗು ಬಂತು. ಕಂಡಕ್ಟರ್ ಭಯ ಬಿದ್ದ.”

“ಮತ್ತೆ ಯಾಕ್ ಒಪ್ಕೊಂಡೆ?”

ಅವಳು ದಾರವನ್ನು ಹಲ್ಲಿನಿಂದ ತುಂಡರಿಸಿದಳು. “ಸೇರ್ಸಿ ಇಟ್ಟಿದ್ದನ್ನ ಏನ್ ಮಾಡ್ತಾರೆ? ಬಚ್ಚಿಟ್ಟು, ಅಲ್ಲೈತೆ ಬಿಡು ಅಂತ ಧೈರ್ಯವಾಗಿ ಊರ್ ಸುತ್ತಾಕ್ ಓಗ್ತಾರೆ. ನನ್ನ ಬಚ್ಚಿಡೋನು ಬೇಡ ಶಂಕರಾ. ಸಾಯಂಕಾಲ ಮನೇಗ್ ಬಂದು, ಸಾರಿಗೆ ಉಪ್ಪು ಕಮ್ಮಿ ಅಂತ ಬೈಯೋನು ಬೇಕು.”

“ನಾನ್ ಇಲ್ಲೇ ಇರ್ತೀನಿ. ಅಂಗ್ಡಿ ಆಕ್ತೀನಿ.”

ಅವಳು ಕೈಕೆಲಸವನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಎಂದಿನ ಕೀಟಲೆಯ ನೋಟವಲ್ಲ. ಜ್ವರ ಬಂದವರ ಹಣೆಯನ್ನು ಮುಟ್ಟಿ ನೋಡುವಂಥ ನೋಟ.

“ಎಷ್ಟು ದಿನಕ್ಕೆ?”

ಎಂದೆಂದಿಗೂ ಎಂಬ ಮಾತು ನಾಲಗೆಯವರೆಗೆ ಬಂದಿತು. ಅದನ್ನು ನಾನು ನೂರಾರು ಪುಟಗಳಲ್ಲಿ ಓದಿದ್ದೆ. ಆ ಕಣ್ಣುಗಳ ಎದುರು ಮಾತ್ರ ಅದು ಹೊರಗೆ ಬರಲೊಲ್ಲದಾಯಿತು.

“ನೋಡ್ದ್ಯಾ,” ಎಂದಳು ಮೆಲ್ಲಗೆ. “ಸುಳ್ಳು ಏಳಾಕ್ ಬರಲ್ಲ ನಿನಗೆ. ಅದಕ್ಕೇ ಕಣ್ಲಾ ನಿನ್ ಮೇಲೆ ಆಸೆ ಬಿದ್ದಿದ್ದು.”

ಒಳಗೆ ಲೋಟಗಳ ಸದ್ದಾಯಿತು. ನಾನು ಏನನ್ನಾದರೂ ಕೇಳಬೇಕೆಂದು, “ಅವ್ರು ಒಳ್ಳೇವ್ರಾ?” ಎಂದೆ.

“ಫೋನಾಗೆ ಮಾತು ಕಮ್ಮಿ. ಮಂಡೀಲಿ ತಕ್ಕಾಳಿ ರೇಟ್ ಎಷ್ಟು ಅಂತ ಮಾತ್ರ ದಿನಾ ಏಳ್ತಾರೆ.”

ಇಬ್ಬರೂ ನಕ್ಕೆವು. ನಗುತ್ತಿದ್ದಂತೆಯೇ ಅವಳ ಕಣ್ಣು ತುಂಬಿತು. ಕೈಯಲ್ಲಿದ್ದ ರವಿಕೆಯಿಂದಲೇ ಒರಸಿಕೊಂಡು, ಅದು ಬೇರೆಯವರದೆಂದು ನೆನಪಾಗಿ, ಕಲೆ ಬಿತ್ತೇನೋ ಎಂದು ಬೆಳಕಿಗೆ ಹಿಡಿದು ನೋಡಿದಳು. ಹಾಗೆ ನೋಡುತ್ತಲೇ, ಬಟ್ಟೆಗೆ ಹೇಳುವವಳಂತೆ ಹೇಳಿದಳು:

“ನಿನ್ನ ಕಾಯೋದೂ ಒಂದ್ ಅಭ್ಯಾಸ ಆಗೋಗಿತ್ತು. ಪಾಡು ಜಾಸ್ತಿ, ಬರೋದು ಕಮ್ಮಿ. ಬಿಟ್ಬಿಡ್ತೀನಿ. ಕಾಪಿ ಕುಡ್ದು ಓಗು.”

ಕುಡಿದೆ. ಕಾಫಿಯಲ್ಲಿ ಸಕ್ಕರೆ ಹೆಚ್ಚಾಗಿತ್ತು. ಮಾರಿಯಮ್ಮ ಅತಿಥಿಗಳಿಗೆ ಹಾಗೆ ಹಾಕುತ್ತಿದ್ದರು.

ಮರುದಿನ ಬೆಳಿಗ್ಗೆ ಸ್ಪ್ಯಾನರುಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿದೆ. ಎರಡು ಅಂಗಿ, ಒಂದು ಲುಂಗಿ, ರಟ್ಟು ಹರಿದ ಕಾದಂಬರಿಗಳು. ಚೀಲವು ಬೇಗನೆ ತುಂಬಿತು. ಕೆಳಗೆ ದೊಡ್ಡಮುನಿಯಪ್ಪನವರು ಹಲ್ಲುಜ್ಜುತ್ತ ನಿಂತಿದ್ದರು.

“ಇನ್ನೂ ತಿಂಗ್ಳು ಮುಗ್ದಿಲ್ವಲ್ಲಪ್ಪಾ! ಬಾಡಿಗೆ ಕೊಟ್ಟಿದ್ದೀಯ. ಇದ್ದು ಓಗು, ವೇಸ್ಟ್ ಆಯ್ತದೆ.”

“ಆಗ್ಲಿ ಬಿಡಿ, ಅಯ್ಯಾ.”

“ಯಾವ ಕಡೆ?”

“ಕೊಳತ್ತೂರು. ಅಲ್ಲಿಂದ ಪಾಲಮಲೆ ಅತ್ತುತೀನಿ.”

“ಆ ಬೆಟ್ಟದ ಮೇಲೆ ಎಷ್ಟು ಸ್ಟೌ ಇದ್ದಾವು?”

ತಿಳಿಯದೆಂದು ಹೇಳಿ ಚೀಲವನ್ನು ಹೆಗಲಿಗೇರಿಸಿದೆ. ಆಗತಾನೆ ಗುಡಿಸಿದ ಬೀದಿಯಲ್ಲಿ ಹೆಂಗಸರು ಬಾಗಿ ರಂಗೋಲಿ ಬಿಡಿಸುತ್ತಿದ್ದರು. ಅವರ ಗೆರೆಗಳನ್ನು ತುಳಿಯದಂತೆ ಓರೆಯಾಗಿ ಹೆಜ್ಜೆಯಿಡುತ್ತ ಊರಿನಿಂದ ಹೊರಬಿದ್ದೆ.