ಅಡಿಗೆಮನೆಯಲ್ಲಿ ಚೀನೀ ಪಾಠ

"ಮುಚ್ಚು ಬಾಯಿ! ನನ್ನ ತಮ್ಮನ್ನ ನುಂಗಿದೋರ ಮಾತು ನನ್ನ ಒಲೆ ಮುಂದೆ ಆಡ್ತೀಯಾ?"

ಸುಭದ್ರಮ್ಮ ಸೊಸೆಯ ಕೈಯಿಂದ ಪುಸ್ತಕ ಕಿತ್ತು ಹಿತ್ತಲಿಗೆ ಎಸೆದರು. ಒಗೆಯುವ ಕಲ್ಲಿನ ಮೇಲೆ ಬಿದ್ದ ಪುಸ್ತಕ ಸೋಪಿನ ನೀರಿನಲ್ಲಿ ನೆನೆಯತೊಡಗಿತು. ರೇವತಿ ಅದನ್ನು ಎತ್ತಿಕೊಳ್ಳಲು ಓಡಲಿಲ್ಲ. ಉಕ್ಕುತ್ತಿದ್ದ ಸಾರು ಇಳಿಸುವ ನೆವದಲ್ಲಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಹಲಸೂರಿನ ಆ ಓಣಿಯಲ್ಲಿ ಸೈನ್ಯದಿಂದ ನಿವೃತ್ತರಾದವರ ಮನೆಗಳೇ ಹೆಚ್ಚು. ಸುಭದ್ರಮ್ಮನ ಗಂಡ ಚಲುವಯ್ಯನವರು ರಸ್ತೆ, ಸೇತುವೆ ಕಟ್ಟುವ ದಳದಲ್ಲಿದ್ದವರು. ಅರವತ್ತೆರಡರ ಚೀನಾ ಯುದ್ಧಕ್ಕೆ ಅವರ ಜೊತೆಯಲ್ಲೇ ಹೋದವನು ಸುಭದ್ರಮ್ಮನ ತಮ್ಮ ಅಂಜನಪ್ಪ. ತಾಯಿಯಿಲ್ಲದ ಆ ಹುಡುಗನನ್ನು ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದರು. ಚೀನೀಯರ ಸೆರೆಯಲ್ಲಿದ್ದ ಗಂಡ ಮರುವರ್ಷ ಮನೆಗೆ ಬಂದರು, ತಮ್ಮ ಬರಲಿಲ್ಲ. 'ಕಾಣೆಯಾಗಿದ್ದಾನೆ' ಎಂಬ ಒಂದು ಮಾತಿನ ಹೊರತು ಸುಭದ್ರಮ್ಮನಿಗೆ ಸೈನ್ಯದವರು ಏನೂ ತಿಳಿಸಲಿಲ್ಲ. ಈಗ ತೊಂಬತ್ತೊಂಬತ್ತನೇ ಇಸವಿ. ಇಂದಿಗೂ ಓಣಿಯಲ್ಲಿ ಆಟೋ ನಿಂತ ಸದ್ದಾದರೆ ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಬಂದು ಇಣುಕುತ್ತಿದ್ದರು!

ಅಂಥ ಮನೆಗೆ ಸೊಸೆಯಾಗಿ ಬಂದಿದ್ದಳು ರೇವತಿ. ಶಿವಾಜಿನಗರದಲ್ಲಿ ತಮಿಳು, ದಖನಿ, ಕನ್ನಡಗಳ ನಡುವೆ ಬೆಳೆದವಳು. ಹೊಸ ಮಾತೊಂದು ಕಿವಿಗೆ ಬಿದ್ದರೆ ಅದನ್ನು ಕಲಿಯದೆ ಅವಳಿಗೆ ಸಮಾಧಾನವಿಲ್ಲ. ವಿಶ್ವವಿದ್ಯಾಲಯದಲ್ಲಿ ಏಷ್ಯಾದ ಭಾಷೆ ಮತ್ತು ಸಂಸ್ಕೃತಿಗಳ ಎಂ.ಎ. ಓದುತ್ತಿದ್ದಳು. ಮದುವೆಯ ಮಾತುಕತೆಯಲ್ಲಿ 'ಓದು ಬಿಡಿಸೋದಿಲ್ಲ' ಎಂದು ಒಪ್ಪಿಕೊಂಡವರು ಯಾವ ಭಾಷೆ ಎಂದು ಕೇಳಿರಲಿಲ್ಲ. ಈಗ ಬೀಜಿಂಗ್‌ನಲ್ಲಿ ಒಂದು ವರ್ಷ ಓದಲು ಅವಳಿಗೆ ಸ್ಕಾಲರ್‌ಶಿಪ್ ಸಿಕ್ಕಿತ್ತು.

"ಅವಳು ಆ ದೇಶಕ್ಕೆ ಕಾಲಿಟ್ಟರೆ ನಾನು ಈ ಮನೇಲಿ ಇರಲ್ಲ. ನಿಂಗೆ ಹೆಂಡ್ತಿ ಬೇಕೋ, ತಾಯಿ ಬೇಕೋ?" ಎಂದು ಸುಭದ್ರಮ್ಮ ಮಗನನ್ನು ಕೇಳಿದರು.

ಕೆ.ಆರ್. ಪುರಂ ಕಡೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ರಾಮು ಒಳ್ಳೆಯವನು, ಆದರೆ ಪುಕ್ಕಲು. ಹೆಂಡತಿಯ ಬಳಿ ಬಂದು, "ಬಿಟ್ಬಿಡು ರೇವತಿ... ಬೇರೆ ಯಾವ್ದಾದ್ರೂ ಭಾಷೆ ಓದು," ಎಂದ.

ರೇವತಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಬೇರೆ ಭಾಷೆಯಂತೆ! ಮಗುವನ್ನು ಕೆಳಗಿಳಿಸಿ ಬೇರೆ ಮಗುವನ್ನು ಎತ್ತಿಕೋ ಎಂದ ಹಾಗೆ... ಮರುದಿನ ಬೆಳಿಗ್ಗೆ ಸೀರೆಯುಟ್ಟು, ಚೀನೀ ಕಲಿಸುವ ಮೇಷ್ಟ್ರಿಗೆ 'ನಾನು ಹೋಗೋದಿಲ್ಲ' ಎಂದು ಹೇಳಿಬರಲು ಹೊರಟಳು.

ಜಗಲಿಯಲ್ಲಿ ಕೂತಿದ್ದ ಚಲುವಯ್ಯ ತಡೆದರು. ಕೈಯಲ್ಲಿದ್ದ ಪೇಪರ್ ಮಡಚಿಟ್ಟರು.

"ಅಮ್ಮಾ, ನಿನ್ನೆ ಒಳಗೆ ಏನೋ ಅಂತಿದ್ಯಲ್ಲ... 'ಹ ಶ್ವೇ' ಅಂತ. ಹಾಗಂದ್ರೇನು?"

"ನೀರು ಕುಡಿ ಅಂತ, ಮಾವ."

ಮುದುಕರ ಮುಖ ಬಿಳಿಚಿಕೊಂಡಿತು. "ನೀರಾ? ಬರೀ ನೀರಾ?"

"ಯಾಕ್ ಮಾವ? ಏನಾಯ್ತು?"

"ಹಿಮದಲ್ಲಿ ನಡೆಸ್ಕೊಂಡು ಹೋಗ್ತಿದ್ರಮ್ಮ ನಮ್ಮನ್ನ. ಅಂಜನಪ್ಪಂಗೆ ಕೆಂಡದಂಥ ಜ್ವರ. ನಾನೇ ಹೊತ್ಕೊಂಡಿದ್ದೆ. ಕಾವಲಿಗಿದ್ದ ಹುಡುಗ, ಮೀಸೆ ಕೂಡ ಬಂದಿರ್ಲಿಲ್ಲ ಅವನಿಗೆ, ಓಡಿ ಬಂದು ಬಾಟ್ಲಿ ಹಿಡಿದು 'ಹ ಶ್ವೇ, ಹ ಶ್ವೇ' ಅಂತ ಅರಚ್ದ. ಬೈತಿದಾನೆ, ವಿಷ ಹಾಕ್ತಿದಾನೆ ಅಂದ್ಕೊಂಡೆ... ಅವನ ಕೈ ತಳ್ಳಿಬಿಟ್ಟೆ! ಬಾಟ್ಲಿ ಹಿಮದಲ್ಲಿ ಬಿದ್ದು ಎಲ್ಲಾ ಚೆಲ್ಲಿಹೋಯ್ತು..."

"ನನ್ನ ತಮ್ಮ?"

ಬಾಗಿಲಲ್ಲಿ ಸುಭದ್ರಮ್ಮ ನಿಂತಿದ್ದರು. ಯಾವಾಗ ಬಂದರೋ!

"ಆಮೇಲೆ ನನ್ನ ತಮ್ಮ ಏನಾದ?"

ಚಲುವಯ್ಯ ತಲೆಯೆತ್ತಲಿಲ್ಲ. "ಅಲ್ಲೇ... ನನ್ನ ತೊಡೆ ಮೇಲೇ ಹೋದ, ಸುಭದ್ರಾ. ಬಂದ ದಿನ ನೀನು 'ಬರ್ತಾನೆ ಅಲ್ವೇನ್ರೀ' ಅಂತ ಕೇಳ್ದೆ. ಬರ್ತಾನೆ ಅಂದ್ಬಿಟ್ಟೆ. ಆಮೇಲೆ ಬಾಯಿ ಬರಲಿಲ್ಲ."

"ಇಷ್ಟು ವರ್ಷ ನಾನು ಬಾಗಿಲಿಗೆ ಓಡ್ತಿದ್ರೆ ನೀವು ಇಲ್ಲೇ ಕೂತು ಪೇಪರ್ ಓದ್ತಿದ್ರಲ್ರೀ..."

ಅಷ್ಟೇ. ಸುಭದ್ರಮ್ಮ ಕೂಗಾಡಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ಮಲಗಿದರು. ಅಂದಿನಿಂದ ಗಂಡನ ಜೊತೆ ಮಾತು ನಿಂತಿತು. ಸತ್ತವನಿಗೆ ಸಲ್ಲಬೇಕಾದ ಕಾರ್ಯವನ್ನು ರಾಮು ಮುಂದೆ ನಿಂತು ಮಾಡಿಸಿದ. ಆಗಲೂ ಸುಭದ್ರಮ್ಮನ ಕಣ್ಣು ಒಣಗಿಯೇ ಇತ್ತು. ತನ್ನ ಓದಿನಿಂದಲೇ ಈ ಮನೆ ಒಡೆಯಿತಲ್ಲ ಎಂದು ರೇವತಿ ಕುದಿದುಹೋದಳು. ಒಂದು ಮಧ್ಯಾಹ್ನ ಅತ್ತೆಯ ಕಾಲ ಬಳಿ ಕೂತು, "ನಾನು ಹೋಗಲ್ಲ ಅತ್ತೆ. ಪುಸ್ತಕ ಮುಟ್ಟೋದೂ ಇಲ್ಲ," ಎಂದಳು.

ಸುಭದ್ರಮ್ಮ ಗೋಡೆ ನೋಡುತ್ತಲೇ ಹೇಳಿದರು: "ನಿಮ್ಮ ಮಾವನ್ನ ನಾನು ಕ್ಷಮಿಸಲ್ಲ. ಸಾಯೋವರ್ಗೂ ಕ್ಷಮಿಸಲ್ಲ. ಆದ್ರೆ ನೀನು ಹೋಗು. ಆ ಮಾತು ಗೊತ್ತಿರೋನು ಒಬ್ಬನಾದ್ರೂ ಅವತ್ತು ಅಲ್ಲಿದ್ದಿದ್ರೆ..."

ಹೊರಡುವ ದಿನ ಕಂಟೋನ್ಮೆಂಟ್ ಸ್ಟೇಷನ್‌ಗೆ ಎಲ್ಲರೂ ಬಂದರು. ರಾಮು ಪೆಟ್ಟಿಗೆಗಳನ್ನು ದೆಹಲಿ ರೈಲಿಗೆ ಹತ್ತಿಸುತ್ತಿದ್ದ. ಚಲುವಯ್ಯ ದೂರದ ಕಂಬದ ಬಳಿ ಒಬ್ಬರೇ ನಿಂತಿದ್ದರು. ಸುಭದ್ರಮ್ಮ ಕಿಟಕಿಯ ಸರಳು ಹಿಡಿದು ಸೊಸೆಯನ್ನು ಕೇಳಿದರು: "ಅವರ ಭಾಷೇಲಿ ತಮ್ಮಂಗೆ ಏನಂತಾರೆ?"

"ದೀದಿ ಅಂತಾರೆ, ಅತ್ತೆ."

"ಏನೇ ಅದು! ದೀದಿ ಅಂದ್ರೆ ಅಕ್ಕ ಅಲ್ವಾ? ಕ್ವಾರ್ಟರ್ಸಲ್ಲಿ ಹಿಂದಿಯೋರೆಲ್ಲ ನನ್ನ ಹಾಗೇ ಕರೀತಿದ್ರು."

"ಹಿಂದೀಲಿ ಅಕ್ಕ. ಅಲ್ಲಿ ತಮ್ಮ."

ರೈಲು ಚಲಿಸಿತು. ರೇವತಿ ಕೈಬೀಸುತ್ತಲೇ ಇದ್ದಳು. ಸುಭದ್ರಮ್ಮ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಸಿದು ಕೂತು "ದೀದಿ..." ಎಂದರು. ಮತ್ತೊಮ್ಮೆ ಅನ್ನಲು ಹೋದಾಗ ಸ್ವರ ಒಡೆದು, ಬಿಕ್ಕಿ ಬಿಕ್ಕಿ ಅತ್ತರು. ಚಲುವಯ್ಯ ಹೆದರುತ್ತಾ ಬಂದು ಬೆಂಚಿನ ಆ ತುದಿಯಲ್ಲಿ ಕೂತರು. ಸುಭದ್ರಮ್ಮ ಅವರ ಕಡೆ ತಿರುಗಲಿಲ್ಲ. ಎದ್ದು ಹೋಗಲೂ ಇಲ್ಲ.