ಎರಡು ವಿಷಲ್

ಪೀ...ಪ್!

ಚಿಲ್ಲರೆಯ ಕೈಯಿಂದ ಪೆನ್ಸಿಲ್ ಹಾರಿತು. ಭಾಗಾಕಾರ ಅರ್ಧದಲ್ಲೇ ಬಾಯಿಬಿಟ್ಟುಕೊಂಡು ಕೂತಿತು. ಅವಳು ಪುಸ್ತಕ ದಾಟಿ, ಅಜ್ಜಿಯ ಚಪ್ಪಲಿ ದಾಟಿ ಓಡಿ, ಮುಂದಿನ ಕೋಣೆಯಲ್ಲಿ ಅಮ್ಮನ ಕುರ್ಚಿಯ ಎದುರು ಗಕ್ಕನೆ ಬ್ರೇಕ್ ಹಾಕಿದಳು.

“ಏನಮ್ಮಾ? ನೀರಾ? ಫ್ಯಾನಾ? ಟವೆಲ್ಲಾ?”

“ಪೇಪರ್ ಕೆಳಗೆ ಬಿತ್ತು ಕಣೇ.”

ಪೇಪರ್ ಅಮ್ಮನ ಕಾಲ ಬುಡದಲ್ಲೇ ಇತ್ತು. ಅಮ್ಮ ಇನ್ನೇನು ಬಗ್ಗುವವಳಿದ್ದಳು.

“ಹೋಲ್ಡಾನ್! ನೀನು ಬಗ್ಗಬೇಡ!” ಎಂದು ಚಿಲ್ಲರೆ ಅದನ್ನು ಗಬಕ್ಕನೆ ಎತ್ತಿ ಅಮ್ಮನ ತೊಡೆಯ ಮೇಲಿಟ್ಟಳು.

“ಥ್ಯಾಂಕ್ಸ್ ಕಣೇ,” ಎಂದಳು ಅಮ್ಮ. ಆದರೆ ಪೇಪರ್ ಓದಲಿಲ್ಲ. ಅದು ಬಿದ್ದಿದ್ದ ಜಾಗವನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದಳು.

ಚಿಲ್ಲರೆ ಎಂಬುದು ಅವಳ ನಿಜವಾದ ಹೆಸರಲ್ಲ. ನಿಜವಾದ ಹೆಸರು ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಅವಳ ಅಮ್ಮ ಬಸ್ ಕಂಡಕ್ಟರ್. “ಚಿಲ್ಲರೆ ಇಲ್ಲದ ಕಂಡಕ್ಟರ್ ಬಾಳು ಗೋಳು” ಎನ್ನುತ್ತ, ಮಗಳು ಇನ್ನೂ ಅಂಬೆಗಾಲಿಡುವಾಗಲೇ ಆ ಹೆಸರನ್ನು ಅಂಟಿಸಿದ್ದಳು.

ಅಮ್ಮ ಡ್ಯೂಟಿಗೆ ಹೋಗುತ್ತಿದ್ದ ದಿನಗಳೇ ಬೇರೆ. ಶಾಲೆಗೆ ರಜೆ ಬಂದರೆ ಡ್ರೈವರ್ ಮಾಮನ ಹಿಂದಿನ ಕಿಟಕಿ ಸೀಟು ಚಿಲ್ಲರೆಗೆ ಖಾಯಂ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದುದೇ ಕಡಿಮೆ. ಅಮ್ಮನ ನಡಿಗೆಯನ್ನೇ ನೋಡುತ್ತಿದ್ದಳು. ಬಸ್ಸು ಎಡಕ್ಕೆ ವಾಲಿದರೆ ಅಮ್ಮ ಬಲಕ್ಕೆ ವಾಲುತ್ತಿದ್ದಳು. ಬ್ರೇಕ್ ಬಿದ್ದಾಗ ಜನರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರೂ ಅಮ್ಮ ಮಾತ್ರ ನೆಟ್ಟಗೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಟಿಕೆಟ್ ಮಷೀನು, ತುಟಿಯಲ್ಲಿ ವಿಷಲ್.

ಒಂದು ವಿಷಲ್ ಅಂದರೆ ನಿಲ್ಲು. ಎರಡು ವಿಷಲ್ ಅಂದರೆ ಹೊರಡು. ಅಷ್ಟು ದೊಡ್ಡ ಬಸ್ಸು, ಅಷ್ಟು ದಪ್ಪ ಮೀಸೆಯ ಡ್ರೈವರ್ ಮಾಮ, ಇಬ್ಬರೂ ಅಮ್ಮನ ಒಂದು ಉಸಿರಿಗೆ ಕಾಯುತ್ತಿದ್ದರು!

ಸಂಜೆ ಅಮ್ಮ ಮನೆಗೆ ಬಂದರೆ ಎರಡನೇ ಬಸ್ಸು ಶುರು. ಆ ದಿನದ ಪ್ಯಾಸೆಂಜರ್‌ಗಳೆಲ್ಲ ಅಮ್ಮನ ಮೈಯೊಳಗೆ ಕೂತು, ಟಿಕೆಟ್ಟಿಲ್ಲದೆ ಮನೆಗೆ ಬಂದಿರುತ್ತಿದ್ದರು. ಮೊದಲು ಇಳಿಯುತ್ತಿದ್ದವರು ಕೊಕ್ಕರೆ ಮಹಾಶಯರು. ಅಮ್ಮ ಕುತ್ತಿಗೆ ಉದ್ದ ಮಾಡಿ, ತುದಿಗಾಲಲ್ಲಿ ನಡೆಯುತ್ತ, “ನನ್ನ ಸ್ಟಾಪ್ ಬಂತಾಮ್ಮಾ? ಈಗ ಬಂತಾ? ಇದೇನಾ?” ಎಂದು ಮನೆಯಿಡೀ ಸುತ್ತುತ್ತಿದ್ದಳು. ಆಮೇಲೆ ಹೂವಿನ ಕುಂಡ ಹೊತ್ತ ಹೆಂಗಸು. “ಕಂಡಕ್ಟರಮ್ಮಾ, ಈ ಗಿಡಕ್ಕೂ ಟಿಕೆಟ್ ತಗೋಬೇಕಾಆಆ?” ಎಂದು ಮೂಗಿನಲ್ಲಿ ರಾಗ. ಮರುಕ್ಷಣ ಅಮ್ಮ ತನ್ನದೇ ಗತ್ತಿನಲ್ಲಿ, “ಮೊಗ್ಗಾದ್ರೆ ಹಾಫ್, ಹೂ ಬಿಟ್ಟಿದ್ರೆ ಫುಲ್!”

“ಸಾಕು ನಿಲ್ಸೇ ತಾಯಿ! ನಗಿಸಿ ನಗಿಸಿ ನನ್ನ ಹಲ್ಲಿನ ಸೆಟ್ ಉದುರಿಸ್ತೀಯ,” ಎಂದು ಅಜ್ಜಿ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು.

ಒಂದು ದಿನ ಬಸ್ಸಿನ ಮೆಟ್ಟಿಲ ಮೇಲೆ ಅಮ್ಮನ ಎಡಗಾಲು ಮಾತು ಕೇಳಲಿಲ್ಲ. ಆಮೇಲೆ ಒಂದು ಕಣ್ಣು ಮಂಜಾಯಿತು. ಆಸ್ಪತ್ರೆ, ಸ್ಕ್ಯಾನು, ಸೂಜಿ ಎಲ್ಲ ಆಯಿತು. ಡಾಕ್ಟರು ಅದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಚುಟುಕಾಗಿ ಎಂ.ಎಸ್.

“ನೋಡಿ ಅತ್ತೆ, ಕಾಲೇಜಿನ ಮೆಟ್ಟಿಲು ಹತ್ತದೇನೇ ನಂಗೆ ಎಂ.ಎಸ್. ಬಂತು,” ಎಂದಳು ಅಮ್ಮ. ಅಜ್ಜಿ ಅವತ್ತು ನಗಲಿಲ್ಲ.

ಚಿಲ್ಲರೆಗೆ ಅಮ್ಮನೇ ಬಿಡಿಸಿ ಹೇಳಿದಳು. “ತಲೆ ಹೇಳಿದ್ದು ಕಾಲಿಗೆ ಮುಟ್ಟೋಕೆ ಒಳಗೆ ನರಗಳ ದಾರಿ ಇರುತ್ತಲ್ಲ, ಅಲ್ಲಲ್ಲಿ ಆ ರಸ್ತೆ ಕಿತ್ತೋಗಿದೆ. ‘ಎಡಗಾಲೇ, ಏಳಪ್ಪಾ’ ಅಂತ ಹೊರಟ ಮಾತು ಗುಂಡೀಲಿ ಬಿದ್ದು ಎದ್ದು ತಡವಾಗಿ ಬರುತ್ತೆ. ಕಾಲಿನ ತಪ್ಪಲ್ಲ, ರಸ್ತೆ ತಪ್ಪು.”

“ನಂಗೂ ಅಂಟುತ್ತಾ?”

“ಇಲ್ಲ ಕಣೇ. ಇದು ಅಂಟೋ ಕಾಯಿಲೆ ಅಲ್ಲ. ಅಂಟಿಕೊಂಡಿರೋದು ನೀನು ಮಾತ್ರ!”

ಆಸ್ಪತ್ರೆಯಿಂದ ಬಂದ ದಿನ ಅಪ್ಪ ಅಮ್ಮನ ವಿಷಲ್ಲನ್ನು ಹುಡುಕಿ ಅವಳ ಕೈಗಿಟ್ಟ. “ಏನು ಬೇಕಾದ್ರೂ ಒಂದು ವಿಷಲ್ ಊದು. ನೀನು ಮಾತ್ರ ಏಳ್ಬೇಡ.”

ಅಪ್ಪನಿಗೆ ಬೇಕರಿಯಲ್ಲಿ ಕೆಲಸ. ಅವನು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ವಿಷಲ್ಲಿಗೆ ಓಡುವುದು ಚಿಲ್ಲರೆಯ ಡ್ಯೂಟಿ. ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲ್ ಎಳೆದು, ಅದರ ಮೇಲೆ ನೀರಿನ ಜಗ್ಗು, ಲೋಟ, ಬಾಚಣಿಗೆ, ಬಿಸ್ಕೆಟ್ ಡಬ್ಬಿ, ಟವೆಲ್, ರಿಮೋಟ್ ಎಲ್ಲ ಜೋಡಿಸಿಟ್ಟಳು. “ನೋಡು, ನೀನು ಇನ್ನು ಒಂದು ಹೆಜ್ಜೆನೂ ಇಡಬೇಕಿಲ್ಲ!” ಎಂದು ಹೆಮ್ಮೆಯಿಂದ ಹೇಳಿದಳು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋ ಅಕ್ಕ ಆ ಸ್ಟೂಲನ್ನು ನೋಡಿ, “ಚೆನ್ನಾಗಿದೆ. ಸ್ವಲ್ಪ ಜಾಸ್ತಿನೇ ಚೆನ್ನಾಗಿದೆ,” ಎಂದಿದ್ದಳು. ಹೋಗುವಾಗ ಅಮ್ಮನಿಗೆ ಹೇಳಿದ್ದಳು, “ಸುಸ್ತಾಗೋ ಮುಂಚೇನೇ ಕೂತ್ಕೊಳ್ಳಿ. ಮೈ ಬಿಸಿಯೇರಿಸ್ಕೋಬೇಡಿ. ಆದ್ರೆ ದಿನಾ ಸ್ವಲ್ಪ ಸ್ವಲ್ಪ ನಡೀರಿ.” ಚಿಲ್ಲರೆ ಮೊದಲೆರಡು ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡಳು.

ಒಂದು ಶನಿವಾರ ಶಾಲೆ ಬೇಗ ಬಿಟ್ಟಿತು. ಚಿಲ್ಲರೆ ಮನೆಗೆ ಬಂದು ಚೀಲ ಇಳಿಸಿದಳು. ಒಳಕೋಣೆಯಲ್ಲಿ ಅಜ್ಜಿಯ ಗೊರಕೆ. ಸ್ಟೂಲಿನ ಮೇಲೆ ವಿಷಲ್. ಕುರ್ಚಿಯಲ್ಲಿ ಅಮ್ಮ ಇಲ್ಲ!

ಅಮ್ಮ ಅಡುಗೆಮನೆಗೆ ಹೋಗುವ ಉದ್ದನೆಯ ಓಣಿಯಲ್ಲಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗೋಡೆಯ ಮೇಲೆ. “ಮುಂದೆ ನಡೀರಿ, ಮುಂದೆ ನಡೀರಿ, ನಡುವೆ ಜಾಗ ಇದೆ,” ಎಂದು ಮೆಲ್ಲಗೆ ತನ್ನ ಕಾಲುಗಳಿಗೇ ಹೇಳುತ್ತಿದ್ದಳು. ಬಲಗಾಲು ಮುಂದೆ ಹೋಯಿತು. ಎಡಗಾಲು ನೆಲ ಸವರಿಕೊಂಡು, ತಡವಾಗಿ, ಹಿಂದೆ ಬಂತು.

ಬಿದ್ದರೆ? ಚಿಲ್ಲರೆ ವಿಷಲ್ ಬಾಚಿಕೊಂಡು, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಊದಿದಳು.

ಪೀ...ಪ್!

ಒಂದು ವಿಷಲ್. ಅಮ್ಮ ಅಲ್ಲೇ ನಿಂತುಬಿಟ್ಟಳು. ಇಷ್ಟು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಆದರೆ ಎಡಗಾಲು ಇನ್ನೂ ಅರ್ಧ ದಾರಿಯಲ್ಲಿತ್ತು. ಕೋಲು ಜಾರಿತು. ಅಮ್ಮ ಗೋಡೆಗೆ ಮೊಣಕೈ ತರಚಿಕೊಂಡು ಧೊಪ್ಪನೆ ನೆಲದ ಮೇಲೆ ಕೂತಳು.

“ನೋಡಿದ್ಯಾ? ಬಿದ್ದೆ! ಇದಕ್ಕೇ ಏಳ್ಬೇಡ ಅನ್ನೋದು!” ಎಂದು ಚಿಲ್ಲರೆ ಅಳುತ್ತ ಓಡಿದಳು.

ಅಮ್ಮ ಅಳುತ್ತಿರಲಿಲ್ಲ. ಕೈ ಚಾಚಿ, “ಕೊಡಿಲ್ಲಿ ಅದನ್ನ,” ಎಂದಳು. ಚಿಲ್ಲರೆ ವಿಷಲ್ ಕೊಟ್ಟಳು.

“ನನ್ನ ಬಸ್ ನಿಲ್ಸು ಅಂತ ಯಾರೇ ಹೇಳಿದ್ದು ನಿಂಗೆ? ಅಡುಗೆಮನೆ ತನಕ ಹೋಗಿ ವಾಪಸ್ ಬರ್ತಿದ್ದೆ. ಚೆನ್ನಾಗೇ ಬರ್ತಿದ್ದೆ...”

ಅದು ಕೊಕ್ಕರೆ ಮಹಾಶಯರ ದನಿಯಲ್ಲ, ಕುಂಡದ ಹೆಂಗಸಿನ ದನಿಯಲ್ಲ. ಯಾರ ಮಿಮಿಕ್ರಿಯೂ ಅಲ್ಲದ ಆ ದನಿಯನ್ನು ಚಿಲ್ಲರೆ ಯಾವತ್ತೂ ಕೇಳಿರಲಿಲ್ಲ.

ಸಂಜೆ ಅಪ್ಪ ಬಂದ. ತಲೆಯ ಮೇಲೆ ಮೈದಾ ಹಿಟ್ಟಿನ ಮಂಜು. ಬಂದವನೇ ಅಮ್ಮನ ಮೊಣಕೈ ನೋಡಿದ. ಮುಖ ಓವನ್ನಿನ ಹಾಗೆ ಕಾಯಿತು.

“ಬಿದ್ಯಾ? ಸಾಕಿನ್ನು. ನಾಳೆಯಿಂದ ಕುರ್ಚಿ ಬಿಟ್ಟು ಅಲ್ಲಾಡೋ ಹಾಗಿಲ್ಲ. ಆ ಫಿಸಿಯೋಗೂ ಬರಬೇಡಿ ಅಂತೀನಿ.”

“ಹೌದಪ್ಪಾ, ಹಾಗೇ ಮಾಡು,” ಎಂದಳು ಅಜ್ಜಿ.

‘ಇವಳು ವಿಷಲ್ ಊದಿದಳು’ ಎಂದು ಅಮ್ಮ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಚಿಲ್ಲರೆ ಕಾದಳು. ಅಮ್ಮ ಹೇಳಲಿಲ್ಲ. ಸುಮ್ಮನೆ ಓಣಿಯ ಕಡೆ ನೋಡುತ್ತಿದ್ದಳು.

ಚಿಲ್ಲರೆಯೂ ಆ ಕಡೆ ನೋಡಿದಳು. ಗೋಡೆಯ ಮೇಲೆ, ಅಮ್ಮನ ಕೈಯ ಎತ್ತರಕ್ಕೆ, ಮಾಸಿದ ಗೆರೆಯೊಂದು ಕಂಡಿತು. ಮುಂದಿನ ಕೋಣೆಯಿಂದ ಅಡುಗೆಮನೆಯ ಬಾಗಿಲಿನವರೆಗೆ. ಬಸ್ಸಿನಲ್ಲಿ ಜನ ಹಿಡಿದು ಹಿಡಿದು ಕಂಬಿಯ ಬಣ್ಣ ಹೋಗಿರುತ್ತದಲ್ಲ, ಹಾಗೆ. ಒಂದು ದಿನಕ್ಕೆ ಆಗುವ ಗೆರೆಯಲ್ಲ ಅದು.

“ಅಪ್ಪಾ,” ಎಂದಳು. “ಅಮ್ಮ ಬೀಳ್ಲಿಲ್ಲ. ನಾನು ಬೀಳಿಸ್ದೆ.”

“ಏನಂದೆ?”

“ನಾನು ಒಂದು ವಿಷಲ್ ಊದ್ದೆ. ಒಂದು ಊದಿದ್ರೆ ಬಸ್ ನಿಲ್ಲಲ್ವಾ? ಅದಕ್ಕೇ... ಅದಕ್ಕೆ ಮುಂಚೆ ಅಮ್ಮ ಚೆನ್ನಾಗೇ ನಡೀತಿದ್ಲು. ಬೇಕಾದ್ರೆ ಗೋಡೆ ನೋಡು.”

ಅಪ್ಪ ಗೋಡೆಯ ಹತ್ತಿರ ಹೋದ. ಆ ಗೆರೆಯ ಮೇಲೆ ಬೆರಳು ಆಡಿಸಿದ.

“ಇದು ಯಾವಾಗಿಂದ?”

“ದಿನಾ. ನೀವು ಬೇಕರಿಗೆ ಹೋದ್ಮೇಲೆ,” ಎಂದಳು ಅಮ್ಮ. “ಅತ್ತೆ ಗೊರಕೆ ಶುರುವಾದ್ಮೇಲೆ.”

“ಯಾರು? ನಾನಾ? ನಾನು ಗೊರಕೇನೇ ಹೊಡಿಯಲ್ಲ!” ಅಜ್ಜಿ ಸಿಡಿದಳು.

ಅಮ್ಮ ಕಣ್ಣು ಮುಚ್ಚಿದಳು. ತಲೆ ಒಂದು ಕಡೆ ವಾಲಿತು. “ಗೊರ್ರ್ರ್... ಪುಸ್. ಗೊರ್ರ್ರ್... ಪುಸ್. ಹಾಲು ಉಕ್ತಾ ಇದೆ ನೋಡ್ರೇ... ಪುಸ್!”

ಅಮ್ಮನೊಳಗಿಂದ ಇನ್ನೊಬ್ಬರು ಮಾತಾಡಿ ಎಷ್ಟು ಕಾಲವಾಗಿತ್ತು! ಮೊದಲು ನಕ್ಕವಳು ಅಜ್ಜಿಯೇ. ಹಲ್ಲಿನ ಸೆಟ್ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮತ್ತೆ ಬಿದ್ರೆ ಏನು ಮಾಡ್ತೀಯ?” ಎಂದ ಅಪ್ಪ. ದನಿ ಈಗ ಆರಿದ ಬ್ರೆಡ್ಡಿನಷ್ಟು ಮೆತ್ತಗಾಗಿತ್ತು.

“ಏಳ್ತೀನ್ರೀ. ಕೂತೂ ಕೂತೂ ಇರೋ ನಡಿಗೆನೂ ಮರೆತುಹೋದ್ರೆ, ಆಗ ಏನ್ ಮಾಡ್ಲಿ?”

ಅಪ್ಪ ಕುರ್ಚಿಯ ಪಕ್ಕದ ಸ್ಟೂಲನ್ನು ಎತ್ತಿ, ಓಣಿಯ ನಡುವೆ ಕಿಟಕಿಯ ಕೆಳಗೆ ಇಟ್ಟ. “ಇಲ್ಲಿ ಕೂತು ಸುಧಾರಿಸ್ಕೊಂಡು ಮುಂದೆ ಹೋಗು. ಒಂದೇ ಸಲ ಬೇಡ.”

ಹೀಗೆ ಮನೆಯೊಳಗೆ ಹೊಸ ರೂಟ್ ಶುರುವಾಯಿತು. ಹೊರಡುವ ಜಾಗ ಕುರ್ಚಿ ಸರ್ಕಲ್. ನಡುವೆ ಕಿಟಕಿ ಕ್ರಾಸ್. ಕೊನೆಗೆ ಅಡುಗೆಮನೆ ಟರ್ಮಿನಸ್. ನೀರಿನ ಜಗ್ಗು, ಬಿಸ್ಕೆಟ್ ಡಬ್ಬಿ ಟರ್ಮಿನಸ್ಸಿಗೆ ವರ್ಗವಾದವು. ಒದ್ದೆ ಟವೆಲ್ ಕಿಟಕಿ ಕ್ರಾಸಿನಲ್ಲಿ. ಮೈ ಬಿಸಿಯಾದರೆ ಅಮ್ಮ ಅಲ್ಲಿ ಕೂತು, “ರೇಡಿಯೇಟರ್ ಕಾದಿದೆ, ಸ್ವಲ್ಪ ತಡೀರಿ,” ಎಂದು ಟವೆಲನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದಳು. ವಿಷಲ್ ಈಗ ಅಮ್ಮನ ಕೊರಳಲ್ಲೇ. ಊದುವ ಹಕ್ಕು ಅವಳೊಬ್ಬಳಿಗೇ.

ಚಿಲ್ಲರೆಗೆ ಕಷ್ಟದ ಕೆಲಸ ಬಂತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಮ್ಮನ ಜೊತೆ ನಡೆಯಬೇಕು. ಕೇಳದೆ ಹಿಡಿಯಬಾರದು. ಕೈಗಳು ಹಿಂದೆ ಒಂದನ್ನೊಂದು ಚಿವುಟಿಕೊಳ್ಳುತ್ತಿದ್ದವು.

ಕೆಲವು ದಿನ ಅಮ್ಮನಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. “ಇವತ್ತು ಬಸ್ ಡಿಪೋದಲ್ಲೇ,” ಎಂದು ಮಗ್ಗುಲಾಗುತ್ತಿದ್ದಳು. ಆಗ ನೀರು, ಟವೆಲ್ ಎಲ್ಲ ಚಿಲ್ಲರೆಯೇ ತಂದುಕೊಡುತ್ತಿದ್ದಳು. ಕೆಲವು ದಿನ ಕೊಕ್ಕರೆ ಮಹಾಶಯರು ಬರುತ್ತಿದ್ದರು. ಈಗ ಅವರೂ ಕೋಲು ಹಿಡಿದಿದ್ದರು. ತುದಿಗಾಲು ಇರಲಿಲ್ಲ. ಕುತ್ತಿಗೆ ಮಾತ್ರ ಅಷ್ಟೇ ಉದ್ದ.

“ಪಾಪ, ಅವ್ರಿಗೂ ವಯಸ್ಸಾಯ್ತು,” ಎಂದಳು ಅಮ್ಮ.

“ಸ್ಟಾಪ್ ಬಂತಾ ಅಂತ ಕೇಳೋದು ಬಿಟ್ರಾ?” ಎಂದಳು ಚಿಲ್ಲರೆ.

“ಅದನ್ನ ಬಿಡ್ತಾರಾ!”

ಇನ್ನೊಂದು ಸಂಜೆ. ಅಜ್ಜಿ ಹಳೆಯ ಅಭ್ಯಾಸದಲ್ಲಿ ಜಗ್ಗನ್ನು ತಂದು ಅಮ್ಮನ ಕುರ್ಚಿಯ ಪಕ್ಕ ಇಟ್ಟಿದ್ದಳು. ಚಿಲ್ಲರೆ ಅದನ್ನು ಕಂಡಳು. ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟು ಬಂದಳು. ಆಮೇಲೆ ಭಾಗಾಕಾರ ಬಿಡಿಸಿಕೊಂಡು ಕೂತಳು.

ಪೀಪ್ ಪೀಪ್!

ಪೆನ್ಸಿಲ್ ಕೈಯಿಂದ ಹಾರಿತು. ಚಿಲ್ಲರೆ ಎದ್ದೇಬಿಟ್ಟಳು. ಆಮೇಲೆ ಹಾಗೇ ಮೆಲ್ಲಗೆ ಕೂತಳು.

ಟಕ್, ಕೋಲು. ತಪ್, ಬಲಗಾಲು. ಸರ್ರ್, ಎಡಗಾಲು. ಟಕ್, ತಪ್, ಸರ್ರ್. ಕಿಟಕಿ ಕ್ರಾಸ್ ಬಂದಿರಬೇಕು. ಸದ್ದು ನಿಂತಿತು. ತುಂಬ ಹೊತ್ತು ನಿಂತಿತು. ಚಿಲ್ಲರೆಯ ಪಾದಗಳು ನೆಲವನ್ನು ಕೆರೆದವು. ಅವಳು ಒಂದರ ಮೇಲೊಂದು ಇಟ್ಟು ಅವನ್ನು ಅದುಮಿ ಹಿಡಿದಳು.

ಪೀಪ್ ಪೀಪ್.

ಟಕ್, ತಪ್, ಸರ್ರ್.

ಅಡುಗೆಮನೆಯಲ್ಲಿ ಜಗ್ಗಿನಿಂದ ಲೋಟಕ್ಕೆ ನೀರು ಬೀಳುವ ಸದ್ದು ಕೇಳಿಸಿತು.

ಚಿಲ್ಲರೆ ಬಗ್ಗಿ ತನ್ನ ಪೆನ್ಸಿಲ್ ಎತ್ತಿಕೊಂಡಳು.