ಗಾಣದ ಸಂಕಮ್ಮನ ಮುಲಾಮು

ಬಹಳ ಹಿಂದೆ, ಹುಲಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಧವಳಾಪುರವೆಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರಿ ಮಲಯವತಿಗೆ ಮೊಣಕೈ, ಮೊಣಕಾಲಿನ ಮೇಲೆ ಕೆಂಪು ಕಲೆಗಳೆದ್ದು, ಹೊಟ್ಟು ಉದುರಿ, ತುರಿಕೆ ಪ್ರಾಣ ಹಿಂಡುತ್ತಿತ್ತು.

ಧೂಮಾಕ್ಷನೆಂಬ ಮಾಂತ್ರಿಕ ಬಂಗಾರದ ಬಣ್ಣದ ಲೇಪ ತಂದ. ಹಚ್ಚಿದ ಗಳಿಗೆಯಲ್ಲೇ ಚರ್ಮ ಬೆಣ್ಣೆಯಂತಾಯಿತು. ಏಳನೆಯ ದಿನ ತುರಿಕೆ ಎರಡರಷ್ಟಾಗಿ, ಉರಿಯೊಡನೆ ಮರಳಿತು.

"ಇನ್ನಷ್ಟು ಬಳಿಯಿರಿ" ಎಂದ ಮಾಂತ್ರಿಕ. ಅರಮನೆಯವರು ಗೋಡೆಗೆ ಸುಣ್ಣ ಬಳಿದಂತೆ ಬಳಿದರು. ಉರಿ ಕತ್ತಿನವರೆಗೂ ಏರಿತು. ಆಗ ಧೂಮಾಕ್ಷ, "ಹುಣ್ಣಿಮೆಯೊಳಗೆ ಬೇರೆ ಯಾರೂ ಉರಿ ಆರಿಸದಿದ್ದರೆ ನಿಮ್ಮ ಮಗಳೂ ಸಿಂಹಾಸನವೂ ನನ್ನವು" ಎಂದ. ದಿಕ್ಕು ತೋಚದೆ ರಾಜ ಒಪ್ಪಿಬಿಟ್ಟ.

ಊರಲ್ಲಿ ಗಾಣದ ಸಂಕಮ್ಮನಿದ್ದಳು. ಮೊದಲು ತನ್ನ ಮುಂಗೈಗೆ ಹಚ್ಚಿ ನೋಡದೆ ಒಂದು ಹನಿ ಎಣ್ಣೆಯನ್ನೂ ಯಾರಿಗೂ ಕೊಡದ ಮನೆತನ ಅವಳದು. ಅಜ್ಜಿ ಕಲಿಸಿದ ಮುಲಾಮಿಗೆ ಮಾಯಾವನದ ಮೂರು ವಸ್ತು ಬೇಕಿದ್ದವು. ರಾಜಕುಮಾರಿಯ ಪಾಡು ಕೇಳಿ, ಎಳ್ಳೆಣ್ಣೆಯ ಕುಡಿಕೆ ಹಿಡಿದು ಹೊರಟಳು.

ಜೇನುಮೇಣದ ಗುಹೆಯಲ್ಲಿ ಹುಲಿ ಅಡ್ಡ ಬಂತು. "ನಿನ್ನ ತಿಂತೀನಿ."

"ತಿನ್ನುವೆಯಂತೆ, ಮೊದ್ಲು ಆ ಬೆನ್ನು ತೋರ್ಸಪ್ಪ. ತುರಿಸಿ ತುರಿಸಿ ರಕ್ತ ಮಾಡ್ಕೊಂಡಿದ್ದೀಯ."

ಎಣ್ಣೆ ಸವರಿದಳು. ಹುಲಿ ಬೆಕ್ಕಿನಂತೆ ಮಲಗಿ ಮೇಣ ಕೊಟ್ಟಿತು.

ಬೇವಿನ ಮರದಲ್ಲಿ ಏಳು ಹೆಡೆಯ ಸರ್ಪ ಪೊರೆ ಬಿಡಲಾಗದೆ ಬುಸುಗುಡುತ್ತಿತ್ತು. ಅದರ ಮೈಯನ್ನು ನೀರಲ್ಲಿ ನೆನೆಸಿ ಎಣ್ಣೆ ಸವರಿದಳು. ಪೊರೆ ಜಾರಿತು, ಬೇವಿನೆಲೆ ಸಿಕ್ಕಿತು.

ಮಂತ್ರದ ಕೊಳದ ರಾಕ್ಷಸನ ಕೈಗಳು ಒಣಗಿದ ಕೆರೆಯಂತೆ ಬಿರಿದಿದ್ದವು. "ಕುಡಿಕೆ ಪೂರ್ತಿ ಸುರಿ!" ಎಂದು ಗರ್ಜಿಸಿದ. ಉಳಿದಿದ್ದದ್ದು ಬೆರಳ ತುದಿಯಷ್ಟೇ. ಸಂಕಮ್ಮ ಕೊಳದ ನೀರು ಮೊಗೆದಳು. ಅವನ ಕೈ ತೊಳೆದು, ತೇವ ಆರುವ ಮುನ್ನ ತೆಳ್ಳಗೆ ಹಚ್ಚಿದಳು. ಎರಡು ಕೈಗೂ ಸಾಕಾಯಿತು. ರಾಕ್ಷಸ ಗಳಗಳ ಅತ್ತು ಕೊಡ ತುಂಬ ನೀರು ಕೊಟ್ಟ.

ಹುಣ್ಣಿಮೆಯ ಬೆಳಗ್ಗೆ, ತುಂಬಿದ ಸಭೆಯಲ್ಲಿ, ಸಂಕಮ್ಮ ಮೂರನ್ನೂ ಎಣ್ಣೆಗೆ ಬೆರೆಸಿ ಕಾಸಿದ ಮುಲಾಮನ್ನು ಮೊದಲು ತನ್ನ ಮುಂಗೈಗೆ ಹಚ್ಚಿ ತೋರಿಸಿದಳು.

"ಅಷ್ಟು ತೆಳ್ಳಗಾ?" ಧೂಮಾಕ್ಷ ನಕ್ಕ.

"ಸ್ವಾಮಿ, ಈಗ ನಿಮ್ಮ ಲೇಪ ನಿಮ್ಮ ಕೈಗೆ ಹಚ್ಕೊಳ್ಳಿ, ನೋಡೋಣ."

ಮಾಂತ್ರಿಕನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಕೈ ಬಚ್ಚಿಟ್ಟುಕೊಂಡ. ಮಲಯವತಿ ತಾನೇ ಎದ್ದು ಬಂದು, "ಇಷ್ಟು ದಿನ ನಾನು ಹಚ್ಚಿಕೊಂಡೆ, ಇವತ್ತು ನೀನು" ಎಂದು ಅವನ ಮಣಿಕಟ್ಟಿಗೆ ಲೇಪ ಬಳಿದಳು. ಅವನ ಮಾಟ ಅವನಿಗೇ ತಿರುಗಿ ಹೊಗೆಯೆದ್ದಿತು. ಅವನಿದ್ದಲ್ಲಿ ಮೈತುಂಬ ಗಂಟುಗಳ ಕಪ್ಪೆಯೊಂದು ಕೂತಿತ್ತು. ಕುಪ್ಪಳಿಸುತ್ತ ಚರಂಡಿ ಸೇರಿತು.

ಮಾಟದ ಉರಿ ಆ ಕ್ಷಣವೇ ಆರಿತು. ಮೊದಲಿನ ತುರಿಕೆ ಸಂಕಮ್ಮನ ಮುಲಾಮಿಗೆ ದಿನದಿನಕ್ಕೂ ಮಣಿಯಿತು. ಕಲೆ ಮುಚ್ಚುತ್ತಿದ್ದ ಉದ್ದ ತೋಳಿನ ರವಿಕೆಗಳನ್ನು ಪೆಟ್ಟಿಗೆಗೆ ಹಾಕಿ, ಬರಿದೋಳಿನಲ್ಲೇ ಮಲಯವತಿ ಪಟ್ಟವೇರಿದಳು. ಪ್ರಜೆಗಳೆಲ್ಲ ಸುಖವಾಗಿದ್ದರು. ಚಳಿಗಾಲದಲ್ಲಿ ಒಮ್ಮೊಮ್ಮೆ ರಾಣಿಯ ಮೊಣಕೈ ತುರಿಸುತ್ತಿತ್ತು. ಬೆರಳ ತುದಿಯಷ್ಟು ಮುಲಾಮು ಹಚ್ಚಿಕೊಂಡು ಮತ್ತೆ ರಾಜ್ಯವಾಳಲು ಕೂರುತ್ತಿದ್ದಳು.